ಪಾರಣೆಯ ದಿನವೂ ಹಸಿವಾಗದ ಅತ್ತೆ

ಸಾಲಿಗ್ರಾಮದ ಹತ್ತಿರದ ಒಂದು ಊರು. ಅಲ್ಲಿ ಪಂಕಜಾಕ್ಷಮ್ಮ ಅಂತ ಒಬ್ಬರು. ಅವರ ಮನೆಯಲ್ಲಿ ದೇವರುಗಳಿಗೆಲ್ಲ ಒಂದೊಂದು ದಿನ ಹಂಚಿಕೆಯಾಗಿತ್ತು. ಸೋಮವಾರ ಈಶ್ವರನಿಗೆ, ಮಂಗಳವಾರ ಗಣಪತಿಗೆ, ಗುರುವಾರ ರಾಯರಿಗೆ, ಶುಕ್ರವಾರ ಅಮ್ಮನವರಿಗೆ, ಶನಿವಾರ ಗುರುನರಸಿಂಹನಿಗೆ. ಆ ದಿನಗಳಲ್ಲೆಲ್ಲ ಪಂಕಜಾಕ್ಷಮ್ಮನಿಗೆ ಒಪ್ಪತ್ತು. ಅಂದರೆ ಮಧ್ಯಾಹ್ನ ಒಂದೇ ಹೊತ್ತಿನ ಊಟ, ಅದೂ ಎರಡು ತುತ್ತಿಗೆ ಮುಗಿಯುವಂಥದ್ದು. ಏಕಾದಶಿಗೆ ಅದೂ ಇಲ್ಲ.

ಮೊದಲಿನಿಂದ ಅವರಿಗೆ ಇದ್ದದ್ದು ಏಕಾದಶಿ ಮಾತ್ರ. ಉಳಿದ ದೇವರೆಲ್ಲ ಮಳೆಗಾಲ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಸೇರಿದವರು.

ಊರವರಿಗೆ ಇದು ದೊಡ್ಡ ಭಕ್ತಿಯಾಗಿ ಕಂಡಿತು. ದೇವಸ್ಥಾನದಲ್ಲಿ ಪೂಜೆಯ ಕೆಲಸ ಮಾಡುವ ಮಗ ಹೃಷಿಕೇಶನಿಗಂತೂ ಹೆಮ್ಮೆಯೋ ಹೆಮ್ಮೆ. "ನಮ್ಮ ಅಮ್ಮನಷ್ಟ್ ನಿಷ್ಠೆ ನಂಗೂ ಇಲ್ಲೆ" ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

ಸೊಸೆ ರಂಜನಿಗೆ ಮಾತ್ರ ಒಳಗೊಳಗೇ ಸಂಕಟ. ಬಾವಿಕಟ್ಟೆಯ ಹತ್ತಿರ ಪಕ್ಕದ ಮನೆಯ ವಿನಯಾ ಒಂದು ದಿನ ನಗುತ್ತಲೇ ಕೇಳಿಬಿಟ್ಟಿದ್ದಳು, "ಎಂತ ಮಾರಾಯ್ತಿ, ಅತ್ತೆಗೆ ನಿನ್ನ ಅಡಿಗೆ ಸೇರುದಿಲ್ಯಾ?" ರಂಜನಿಯೂ ನಕ್ಕಳು. ಮನೆಗೆ ಬಂದು ಹುಳಿಗೆ ಎರಡು ಸಲ ಉಪ್ಪು ನೋಡಿದಳು.

ಆದರೆ ಅವಳ ಕಣ್ಣಿಗೆ ಬೇರೆ ಸಂಗತಿಗಳೂ ಬಿದ್ದಿದ್ದವು. ಅತ್ತೆ ಕಿಟಕಿಯ ಬೆಳಕಿಗೆ ಕೂತು ತಮ್ಮ ರವಿಕೆಗಳಿಗೆ ಒಳಗಿನಿಂದ ಇನ್ನೊಂದು ಹೊಲಿಗೆ ಹಾಕಿಕೊಳ್ಳುತ್ತಿದ್ದರು. ಸಡಿಲವಾದದ್ದು ಯಾರಿಗೂ ಗೊತ್ತಾಗಬಾರದಲ್ಲ! ಸಂಜೆಯಾದ ಮೇಲೆ ನೀರು ಕೊಟ್ಟರೂ ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಕಥೆ ನಿಂತುಹೋಗಿತ್ತು.

ಪಂಕಜಾಕ್ಷಮ್ಮ ಕಥೆ ಹೇಳುವುದರಲ್ಲಿ ಎತ್ತಿದ ಕೈ. ದೇವರಿಗೆ ಹೂ ಕಟ್ಟುತ್ತಾ ಕೂತರೆ ಮಲ್ಲಿಗೆಯ ಜೊತೆಗೆ ಮಾತೂ ಪೋಣಿಸಿಕೊಂಡು ಬರುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ತವರು ನೆನಪಾಗಿ ಅಳುತ್ತಿದ್ದ ರಂಜನಿಯನ್ನು ಅವರು ಒಲಿಸಿಕೊಂಡದ್ದೇ ಕಥೆಯಿಂದ. ಈಗ ಹೇಳುತ್ತಿದ್ದ ಕಥೆಯಲ್ಲಿ ಒಬ್ಬ ರಾಜಕುಮಾರ ಏಳು ಕಾಡು ದಾಟಿ ನದಿಯ ದಡಕ್ಕೆ ಬಂದು ದೋಣಿಗೆ ಕಾಯುತ್ತಿದ್ದ. ಅಷ್ಟರಲ್ಲಿ ಅತ್ತೆಗೆ ಸುಸ್ತಾಗಿ ಕಣ್ಣು ಮುಚ್ಚಿತು. "ನಾಳೆ ಹೇಳ್ತೆ" ಅಂದರು. ಆ ನಾಳೆ ಬರಲೇ ಇಲ್ಲ. ಪಾಪ, ರಾಜಕುಮಾರ ದಡದಲ್ಲೇ ನಿಂತಿದ್ದ.

ಹೀಗಿರುವಾಗ ಒಂದು ದ್ವಾದಶಿಯ ಬೆಳಿಗ್ಗೆ. ಏಕಾದಶಿಯ ಉಪವಾಸ ಬಿಡುವ ಪಾರಣೆಯ ಹೊತ್ತು. ರಂಜನಿ ಉದ್ದಿನ ದೋಸೆ, ಒಂದೆಲಗದ ಚಟ್ನಿ ಮಾಡಿದ್ದಳು. ದೇವಸ್ಥಾನದಿಂದ ಬಂದ ಹೃಷಿಕೇಶ ಕೂತ ಜಾಗದಿಂದ ಏಳದೆ ತಿನ್ನುತ್ತಿದ್ದ. ಅತ್ತೆಯ ಮುಂದಿದ್ದ ದೋಸೆ ತಣ್ಣಗಾಗುತ್ತಿತ್ತು.

"ಹ್ವಾಯ್, ಅಮ್ಮ ಇದ್ರ್ಯಾ?" ಅಂಗಳದಿಂದ ದನಿ ಕೇಳಿತು. ಊರಿನ ಆರೋಗ್ಯ ಕೇಂದ್ರದ ಸ್ವಾತಿ. ವಯಸ್ಸಾದವರ ರಕ್ತದೊತ್ತಡ ನೋಡಲು ಮನೆ ಮನೆಗೆ ಬರುವವಳು. ಸಿದ್ದಾಪುರದ ಕಡೆಯವಳಾದ್ದರಿಂದ ಅವಳ ಮಾತೂ ಈ ಸೀಮೆಯದೇ.

"ಬಾ ಬಾ, ಕೂಕೊ ಹೆಣ್ಣೆ. ದೋಸೆ ತಿನ್" ಅಂದರು ಪಂಕಜಾಕ್ಷಮ್ಮ. ತಮ್ಮ ಎಲೆಯನ್ನೇ ಅವಳ ಕಡೆಗೆ ಸರಿಸಿದರು.

ಸ್ವಾತಿ ಎಲೆ ನೋಡಿದಳು, ಅವರ ಮುಖ ನೋಡಿದಳು. "ಎಂತ ಅಮ್ಮ, ಇಷ್ಟ್ ಸೋತ್ ಹೋಯ್ರಿ?"

"ವ್ರತ ಅಲ್ದಾ" ಅಂತ ಹೃಷಿಕೇಶನೇ ಉತ್ತರ ಕೊಟ್ಟ. "ಪ್ರಾಯವೂ ಆಯ್ತ್. ಪ್ರಾಯ ಆದವರಿಗೆ ಊಟ ಎಂತಕೆ ಅಷ್ಟ್?"

"ಭಟ್ರೆ, ನೀವೂ ನಿನ್ನೆ ಏಕಾದಶಿ ಮಾಡಿದ್ರಿ ಅಲ್ದಾ?"

"ಮಾಡ್ದೆ ಇಪ್ಪುದಾ?"

"ಇವತ್ತ್ ಎಷ್ಟ್ ದೋಸೆ ಆಯ್ತ್?"

ಹೃಷಿಕೇಶ ಚಟ್ನಿಯ ಬಟ್ಟಲು ನೋಡಿದ. ರಂಜನಿ ಒಲೆಯ ಹತ್ತಿರದಿಂದ, "ಅದ್ ಕೇಂಬುಕಾಗ. ಇವರ ಪಾರಣೆ ಅಂದ್ರೆ ಹಿಟ್ಟಿನ ಪಾತ್ರೆಗೆ ಹೆದರಿಕೆ" ಅಂದಳು. ಎಲ್ಲರೂ ನಕ್ಕರು. ಪಂಕಜಾಕ್ಷಮ್ಮನೂ ನಕ್ಕರು.

ನಗು ನಿಂತ ಮೇಲೆ ಸ್ವಾತಿ ಮೆಲ್ಲಗೆ ಕೇಳಿದಳು, "ನಿನ್ನೆ ಅಮ್ಮನೂ ಉಪವಾಸ. ಅಮ್ಮ ಎಷ್ಟ್ ತಿಂದ್ರ್?"

ಹೃಷಿಕೇಶ ಅಮ್ಮನ ಎಲೆಯ ಕಡೆಗೆ ನೋಡಿದ. ದೋಸೆಯ ಒಂದು ಮೂಲೆಯೂ ಮುರಿದಿರಲಿಲ್ಲ. ಅವನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

"ವ್ರತ ಮಾಡಿದವರಿಗೆ ಹೊಟ್ಟೆ ಹಶು ಆತ್ತ್" ಅಂದಳು ಸ್ವಾತಿ. "ಹಶುವನ್ನ ತಡ್ಕಂಬುದಕ್ಕೇ ವ್ರತ ಅಂಬ್ರ್. ಅಮ್ಮನಿಗೆ ತಡ್ಕಂಬುಕೆ ಹಶುವೇ ಇಲ್ಲೆ. ಹೌದಾ ಅಮ್ಮ?"

ಪಂಕಜಾಕ್ಷಮ್ಮ ಸೆರಗಿನ ತುದಿ ಹಿಡಿದು ತಿರುಚಿದರು. "ಉಂಬುಕೆ ಮನಸೇ ಬಪ್ಪುದಿಲ್ಲೆ. ಎಲೆ ಮೇಲ್ ಅನ್ನ ಬಿಟ್ರೆ ಪಾಪ, ಸೊಸೆಗೂ ಬೇಜಾರ್. ಅದಕ್ಕೇ ವ್ರತ ಅಂದೆ. ದೇವ್ರ ಹೆಸರ್ ಹೇಳಿದ್ರೆ ಯಾರೂ ಒತ್ತಾಯ ಮಾಡುದಿಲ್ಲೆ ಕಾಣ್."

ರಂಜನಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಅಷ್ಟೂ ದಿನ ತಾನು ಕೈಮುಗಿದು ಒಪ್ಪತ್ತಿಗೆ ಅಣಿಮಾಡಿ ಕೊಟ್ಟದ್ದು ಅತ್ತೆಯ ಕಾಯಿಲೆಗೆ!

"ಹಶು ಹೆಂಗ್ ಬತ್ತ್ ಗೊತ್ತಿತ್ತಾ ಅಮ್ಮ?" ಸ್ವಾತಿ ಅವರ ಪಕ್ಕದಲ್ಲೇ ಕೂತಳು. "ಹೊಟ್ಟೆ ಖಾಲಿ ಆದ್ರೆ ಅಲ್ಲಿಂದ ಗ್ರೆಲಿನ್ ಅಂಬ ಒಂದ್ ಹಾರ್ಮೋನ್ ಹೊರಡತ್ತ್. ರಕ್ತದ ದಾರಿಯಗೆ ಮಿದುಳಿಗೆ ಹೋಯಿ, 'ಊಟ ಕೊಡಿ' ಅಂತತ್ತ್. 'ನಮ್ಮಲ್ಲಿ ಕೂಡಿಟ್ಟದ್ದ್ ಸಾಕಷ್ಟ್ ಇತ್ತ್' ಅಂತ ಹೇಳುಕೆ ಮೈಯ ಕೊಬ್ಬಿನಿಂದ ಇನ್ನೊಂದ್ ಹೋತ್ತ್. ಅದ್ ಲೆಪ್ಟಿನ್. ಹಶು ಬರೀ ಹೊಟ್ಟೆಯ ಕೆಲಸ ಅಲ್ಲ, ಮಿದುಳಿಂದೂ ಹೌದ್."

"ರಾಜನ ಹತ್ರ ಹರಿಕಾರ ಹೋದ ಹಾಂಗೆ" ಅಂದರು ಪಂಕಜಾಕ್ಷಮ್ಮ. ಕಥೆಯ ವಾಸನೆ ಬಂದರೆ ಅವರ ಕಣ್ಣು ಅರಳುತ್ತಿತ್ತು.

"ಹಾಂಗೇ! ಈಗ ಮೈಯೊಳಗೆ ಎಲ್ಲೋ ಸೋಂಕ್ ಇತ್ತ್ ಅಂತ ತಿಳ್ಕಣಿ. ಮೈ ಅದರ ಸಂಗಡ ಯುದ್ಧ ಮಾಡತ್ತ್. ಅದಕ್ಕೆ ಉರಿಯೂತ ಅಂಬ್ರ್. ಆ ಯುದ್ಧದ ಸುದ್ದಿಯೂ ರಕ್ತದಗೇ ಮಿದುಳಿಗೆ ಹೋತ್ತ್."

"ಯುದ್ಧದ ಗಲಾಟೆಯಗೆ ಹಶುವಿನ ಹರಿಕಾರನ್ನ ಬಾಗಿಲ್ ಕಾವವ ಒಳಗೆ ಬಿಡುದಿಲ್ಲೆ" ಅಂತ ಮುಗಿಸಿದವರು ಪಂಕಜಾಕ್ಷಮ್ಮನೇ.

ಸ್ವಾತಿ ಬೆರಗಾದಳು. "ಅಮ್ಮ, ನಂಗಿಂತ ಲಾಯ್ಕ್ ಹೇಳ್ತ್ರಿ! ಜ್ವರ ಬಂದಾಗ ಅನ್ನ ಸೇರದ್ದ್ ಇದಕ್ಕೇ. ಎರಡ್ ದಿನ ಆದ್ರೆ ದೊಡ್ಡದಲ್ಲ. ವಾರಗಟ್ಲೆ ಆದ್ರೆ ಮೈ ತನ್ನ ಮಾಂಸವನ್ನೇ ಕರಗಿಸ್ಕಂತತ್ತ್. ಇದರ ಬಗ್ಗೆ ಈಗಳೂ ಸಂಶೋಧನೆ ನಡೀತಾ ಇತ್ತ್. ಹಶು ಹೋಪುಕೆ ಬೇರೆ ಕಾರಣವೂ ಇರತ್ತ್: ಥೈರಾಯ್ಡ್, ಹಲ್ಲ್, ತಕಂಬ ಮದ್ದ್, ಮನಸಿನ ಬೇಜಾರ್. ಇಲ್ಲಿ ಕೂಕಂಡ್ ನಂಗೆ ಹೇಳುಕಾಗ. ಡಾಕ್ಟ್ರಿಗೆ ತೋರ್ಸ್ಕ್."

"ಬೇಡ" ಅಂದರು ಪಂಕಜಾಕ್ಷಮ್ಮ. ಕಣ್ಣಿನ ಬೆಳಕು ಆರಿಹೋಯಿತು. "ಹಶು ತಕಂಡದ್ದ್ ದೇವ್ರೇ. ಹೊರಡುಕೆ ತಯಾರಾಗ್ ಅಂತ ಹೇಳ್ತಾ ಇದ್ದ. ನಂಗೆ ಗೊತ್ತಿತ್ತ್."

ಹೃಷಿಕೇಶ ದೋಸೆ ಮುಗಿಸದೆಯೇ ತನ್ನ ಎಲೆ ಮಡಚಿದ.

ರಂಜನಿ ಒಲೆ ಬಿಟ್ಟು ಬಂದು ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹಿಟ್ಟು ಮೆತ್ತಿದ ಕೈಯಲ್ಲೇ ಅವರ ಕೈ ಹಿಡಿದಳು.

"ಹೊರಡುದಾದ್ರೆ ಆ ರಾಜಕುಮಾರನ್ನ ಎಂತ ಮಾಡುದ್ ಅತ್ತೆ? ನದಿ ದಡದಗೆ ನಿಲ್ಸಿದ್ರಿ. ಅವನ್ನ ದಾಟ್ಸುಕೆ ನಂಗೆ ಬಪ್ಪುದಿಲ್ಲೆ."

ಪಂಕಜಾಕ್ಷಮ್ಮ ಸೊಸೆಯನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ನೀ ಒಂಚೂರ್ ಹೊರಗೆ ಹೋಗ್ ಮಗಾ" ಅಂದರು.

ಅವನು ಹೋದ ಮೇಲೆ ದನಿ ತಗ್ಗಿಸಿ ಹೇಳಿದರು. ಮೂತ್ರ ಮಾಡುವಾಗ ಉರಿ. ಆಗಾಗ ಹೋಗಬೇಕು. ಸೊಂಟದ ಮೇಲೆ ಒಂದು ಬದಿಗೆ ನೋವು. ಸಂಜೆಯಾದರೆ ಮೈ ಬೆಚ್ಚಗೆ. ಮಗನ ಹತ್ತಿರ ಇದನ್ನು ಹೇಗೆ ಹೇಳುವುದು? ಬಚ್ಚಲಿಗೆ ಓಡಾಡುವುದು ತಪ್ಪಲಿ ಅಂತ ನೀರು ಕುಡಿಯುವುದನ್ನೇ ಬಿಟ್ಟಿದ್ದರು.

"ಅಯ್ಯೋ ಅಮ್ಮ, ನೀರ್ ಬಿಟ್ರೆ ಅದ್ ಇನ್ನೂ ಜಾಸ್ತಿ ಆತ್ತ್!" ಅಂದಳು ಸ್ವಾತಿ. "ಇವತ್ತೇ ಹೊರಡುವ."

ಹೊರಗೆ ಆಟೋ ನಿಂತ ಸದ್ದಾಯಿತು. ಯಾರೂ ಹೇಳದೆಯೇ ಹೃಷಿಕೇಶ ಕರೆದುಕೊಂಡು ಬಂದಿದ್ದ. "ಮಧ್ಯಾಹ್ನದ ಪೂಜೆಗೆ ಬೇರೆಯವರಿಗೆ ಹೇಳಿದ್ದೆ. ಅಮ್ಮ, ಶಾಲ್ ಹೊದ್ಕಣಿ" ಅಂದ. ಅಮ್ಮನ ಚಪ್ಪಲಿಯನ್ನು ತಾನೇ ತಂದು ಕಾಲ ಬುಡದಲ್ಲಿಟ್ಟ.

ಬ್ರಹ್ಮಾವರದಲ್ಲಿ ಡಾಕ್ಟರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು, ಹೊಟ್ಟೆಯ ಸ್ಕ್ಯಾನಿಂಗೂ ಆಯಿತು. ಮೂತ್ರಪಿಂಡದಲ್ಲಿ ಒಂದು ಕಲ್ಲು. ಅದರ ಹಿಂದೆ ಸೋಂಕು ಗೂಡು ಕಟ್ಟಿತ್ತು. ರಕ್ತದಲ್ಲಿ ಉರಿಯೂತದ ಅಂಶವೂ ಏರಿತ್ತು. "ಇನ್ನೂ ತಡ ಮಾಡಿದ್ದರೆ ಮೂತ್ರಪಿಂಡಕ್ಕೇ ಪೆಟ್ಟಾಗುತ್ತಿತ್ತು" ಅಂದರು ಡಾಕ್ಟರು. ಕೆಲವು ದಿನ ಅಲ್ಲೇ ಇಟ್ಟುಕೊಂಡು ಚುಚ್ಚುಮದ್ದು ಕೊಟ್ಟರು, ಕಲ್ಲಿಗೂ ಚಿಕಿತ್ಸೆ ಮಾಡಿದರು. ಮನೆಗೆ ಕಳಿಸುವಾಗ, ಹುಷಾರಾದಂತೆ ಅನಿಸಿದರೂ ಮಾತ್ರೆ ನಡುವೆ ನಿಲ್ಲಿಸಬಾರದು, ಉಪವಾಸ ಸದ್ಯಕ್ಕೆ ಬೇಡವೇ ಬೇಡ ಅಂದರು.

"ದೇವ್ರಿಗೆ ಎಂತ ಹೇಳುದ್?" ಅಂತ ಪಂಕಜಾಕ್ಷಮ್ಮನಿಗೆ ಚಿಂತೆ.

"ನಾ ದಿನಾ ಹೋತೆ ಅಲ್ದಾ, ನಾನೇ ಹೇಳ್ತೆ. ಅವರೆಲ್ಲ ನಿಮಗಿಂತ ಮೊದ್ಲೇ ಒಪ್ಪಿದ್ರ್" ಅಂದ ಹೃಷಿಕೇಶ.

ಹಸಿವು ಒಂದೇ ಸಲಕ್ಕೆ ಓಡಿ ಬರಲಿಲ್ಲ. ಮುನಿಸಿಕೊಂಡು ಹೋದ ನೆಂಟರ ಹಾಗೆ ಮೊದಲು ಅಂಗಳದ ತನಕ ಬಂತು, ಆಮೇಲೆ ಜಗಲಿಗೆ. ರಂಜನಿ ಸ್ವಲ್ಪ ಸ್ವಲ್ಪವೇ ಕೊಟ್ಟಳು: ಒಮ್ಮೆ ಹೆಸರುಬೇಳೆ ಹಾಕಿದ ಮೆತ್ತನೆ ಅನ್ನ, ಒಮ್ಮೆ ಹಾಲು, ಒಮ್ಮೆ ಬಾಳೆಹಣ್ಣು. ಪಕ್ಕದಲ್ಲಿ ಸದಾ ನೀರಿನ ತಂಬಿಗೆ.

ಒಂದು ಶನಿವಾರ ಮಧ್ಯಾಹ್ನ ಅವಳು ಗಂಜಿ ಬಡಿಸಿ ಒಳಗೆ ಹೋಗಿದ್ದಳು. ಹೊರಗಿನಿಂದ ಗದರಿದ ಸದ್ದು.

"ರಂಜನಿ! ಬರೀ ಗಂಜಿ ಹೆಂಗ್ ಉಂಬುದ್? ಮಿಡಿ ಉಪ್ಪಿನಕಾಯಿ ಎಲ್ಲಿ ಅಡಗ್ಸಿ ಇಟ್ಟಿದ್ದೆ?"

ರಂಜನಿ ಭರಣಿ ಹಿಡಿದು ಬರುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

"ಎಂತಕೆ ಅಳುದ್? ಖಾರ ನಂಗೆ, ಕಣ್ಣೀರ್ ನಿಂಗಾ?" ಅಂದರು ಅತ್ತೆ. ಗಂಜಿಯ ಕೊನೆಯ ಗುಟುಕು ಮುಗಿಸಿ, ಬಟ್ಟಲು ಕೆಳಗಿಟ್ಟು, ಬಾಯಿ ಒರೆಸಿಕೊಂಡರು. "ಹೂವಿನ ಬುಟ್ಟಿ ತಕಂಬಾ. ಆ ಹುಡ್ಗನಿಗೆ ನಿಂತ್ ನಿಂತ್ ಸಾಕಾಯ್ತ್. ಇವತ್ತ್ ದೋಣಿ ಬತ್ತ್."

ಪ್ರೀತಿಯ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿ, ಅಜ್ಜ, ಅತ್ತೆ, ಮಾವ ಇರಬಹುದು. ಅವರ ಎಲೆಯ ಕಡೆಗೆ ಒಮ್ಮೆ ನೋಡಿ. ವಾರಗಟ್ಟಲೆ ಊಟ ಸೇರದಿದ್ದರೆ, ಬಟ್ಟೆ ಸಡಿಲವಾಗುತ್ತಿದ್ದರೆ, "ಪ್ರಾಯ ಆಯ್ತು", "ವ್ರತ", "ಮುನಿಸು" ಅಂತ ಸುಮ್ಮನಿರಬೇಡಿ. ಔಷಧದ ಅಂಗಡಿಯಿಂದ ಹಸಿವಿನ ಟಾನಿಕ್ ತಂದು ಕೊಟ್ಟು ಮುಗಿಸಲೂ ಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಹೇಳಲು ನಾಚುವ ನೋವನ್ನು ಹತ್ತಿರ ಕೂತು ಮೆಲ್ಲಗೆ ಕೇಳಿ. ಅವರು ಹೇಳಬೇಕಾದ ಕಥೆ ಇನ್ನೂ ಎಷ್ಟೋ ಉಳಿದಿದೆ. ನಡುವೆ ನಿಲ್ಲಲು ಬಿಡಬೇಡಿ.