ಬಾಕಿ ಯಾರೂ ಇಲ್ಲ

"ಹತ್ತೂಕಾಲಿಗೆ ಇನ್ನೊಂದ್ ರೈಲ್ ಹಾಕ್ರೆ, ಮೇಡಂ, ಮುಂಚೆ ಹಾಕಿದ್ದ್ ಎಲ್ ಹೋತ್ತ್?"

ಮೋಕ್ಷಿತಾ ಕೇಳಿದ್ದು ಅಷ್ಟೇ. ಬೈಂದೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತಿದ್ದ ವಿನಯಾಳ ಕೈಯ ಮಾರ್ಕರ್ ಗಾಳಿಯಲ್ಲೇ ನಿಂತಿತು. ಆ ದಿನ ಟ್ರೀಮ್ಯಾಪ್ ಪಾಠ. ಒಂದು ಕೀ, ಅದರ ಜೊತೆಗೊಂದು ಮಾಹಿತಿ. ಹೇಗೆ ತುರುಕಿದರೂ ಕೀಗಳನ್ನು ತಾನೇ ಏರಿಕೆಯಲ್ಲಿ ಸಾಲಾಗಿ ಇಟ್ಟುಕೊಳ್ಳುವ ಪಟ್ಟಿ. ಹುಡುಗಿಯರಿಗೆ ಬೇಗ ತಲೆಗೆ ಹತ್ತಲಿ ಎಂದು ಅವಳು ಸ್ಟೇಷನ್ನಿಗೆ ರೈಲು ಬರುವ ಸಮಯಗಳನ್ನೇ ಕೀ ಮಾಡಿ ಬರೆದಿದ್ದಳು.

"ಒಂದು ಕೀಗೆ ಜಾಗ ಒಂದೇ. ಹೊಸದು ಕೂತರೆ ಹಳೆಯದು ಹೋಗುತ್ತದೆ," ಎಂದಳು. ನಾಲ್ಕು ವರ್ಷದಿಂದ ಹೇಳಿ ಹೇಳಿ ಬಾಯಿಪಾಠವಾದ ಮಾತು. "ತಕರಾರಿಲ್ಲ, ಎಚ್ಚರಿಕೆಯಿಲ್ಲ. ಆ ರೈಲು ಇತ್ತು ಅನ್ನುವುದೇ ಪಟ್ಟಿಗೆ ಗೊತ್ತಿರುವುದಿಲ್ಲ."

ಹೇಳಿ ಮುಗಿಸಿದವಳು ಬೋರ್ಡಿನ ಕಡೆ ತಿರುಗಿ ತಾನೇ ಬರೆದ ಸಮಯಗಳನ್ನು ನೋಡಿದಳು. ದೇವರೇ, ಸಮಯ! ಸಮಯವನ್ನೇ ಅಲ್ಲವೇ ತಾನೂ ಕೀ ಮಾಡಿದ್ದು? ತಲೆನೋವೆಂದು ಹೇಳಿ ಹುಡುಗಿಯರನ್ನು ಕಳಿಸಿ, ಬಾಗಿಲು ಮುಂದೆ ಮಾಡಿ, ಲ್ಯಾಪ್‌ಟಾಪ್ ತೆರೆದಳು.

ಕೋಡಿಯ ಕಡಲ ದಂಡೆಯಲ್ಲಿ ಅವಳ ಅಪ್ಪಯ್ಯ ಸೂರ ಮೂವತ್ತು ವರ್ಷ ಒಂದು ಹಗ್ಗ ಕಾದವನು. ಚಪ್ಪರದ ಎರಡು ಕಂಬಕ್ಕೆ ಕಟ್ಟಿದ ಹಗ್ಗ. ಬೆಳಗಿನ ಜಾವ ಕಡಲಿಗೆ ಇಳಿಯುವ ಪ್ರತಿ ದೋಣಿಯವನೂ ಬಲೆಯನ್ನು ತೇಲಿಸುವ, ತನ್ನ ಮನೆಯ ಬಣ್ಣ ಬಳಿದ ಬೆಂಡೊಂದನ್ನು ಅದಕ್ಕೆ ಸಿಕ್ಕಿಸಿ ಹೋಗಬೇಕು, ಮೊದಲು ಹೋದವನದು ಮೊದಲು. ಬಂದವನು ಬಿಚ್ಚಿಕೊಂಡು ಹೋಗಬೇಕು. ಸಂಜೆಗೆ ಹಗ್ಗದಲ್ಲಿ ಏನು ಉಳಿಯಿತೋ ಅದು ಕಡಲಲ್ಲಿ ಉಳಿದಿದೆ ಎಂದರ್ಥ. ಬೆಂಡು ತೂಗುತ್ತಿರುವಾಗ ಕಾಯುವವನು ಚಪ್ಪರ ಬಿಟ್ಟು ಏಳಬಾರದು, ಅದು ಊರಿನ ಕಟ್ಟುಪಾಡು. ಸೂರನ ಕಣ್ಣಿಗೆ ಪೊರೆ ಬಂದು ಕೆಂಪು ಯಾವುದು ಹಳದಿ ಯಾವುದು ತಿಳಿಯದಾದಾಗ ವಿನಯಾ ಆ ಹಗ್ಗವನ್ನೇ ಫೋನಿನೊಳಗೆ ತಂದಳು. ಇಳಿಯುವಾಗ ಒಂದು ಸಲ ಒತ್ತು, ಬಂದಾಗ ಒಂದು ಸಲ ಒತ್ತು. ಹೋದ ಸಮಯವೇ ಕೀ. ಗಂಟೆ, ನಿಮಿಷ, ಅದಕ್ಕಿಂತ ಸಣ್ಣ ಲೆಕ್ಕ ಕಡಲಿಗಿಳಿಯುವವರಿಗೆ ಯಾಕೆ? ಎಲ್ಲರೂ ಬಂದರೆ ಹಸಿರು ಅಕ್ಷರದಲ್ಲಿ 'ಬಾಕಿ ಯಾರೂ ಇಲ್ಲ' ಎಂದು ಬರುತ್ತಿತ್ತು. ಊರಿಗೆ ಊರೇ ಅವಳನ್ನು ಹೊಗಳಿ ಅಟ್ಟಕ್ಕೇರಿಸಿತ್ತು. ಹಗ್ಗ ಸುತ್ತಿ ಮೂಲೆಗಿಟ್ಟರು.

ಹದಿನೆಂಟು ದಿನದ ಹಿಂದೆ ಸಣ್ಣ ದೋಣಿಯ ಬಚ್ಚ ಕಡಲಿನಿಂದ ತಿರುಗಿ ಬರಲಿಲ್ಲ. ಅವನ ಹೆಸರು ಆ್ಯಪಿನಲ್ಲಿ ಇರಲೂ ಇಲ್ಲ. ಇಳಿಯುವಾಗ ಒತ್ತಲು ಮರೆತ, ಇನ್ನೇನು, ಎಂದಿತು ಊರು. ಸತ್ತ ಎಮ್ಮೆಗೆ ಸೇರು ಹಾಲು ಅನ್ನುತ್ತಾರೆ. ಬಚ್ಚನ ಪಾಲಿಗೆ ಆ ಹೊಗಳಿಕೆಯ ಹಾಲೂ ಇಲ್ಲ. ಅಸಡ್ಡೆ ಮನುಷ್ಯ, ತನ್ನ ಸಾವು ತಾನೇ ತಂದುಕೊಂಡ ಎಂದು ಹೆಣದ ಎದುರೇ ಆಡಿದರು. ವಿನಯಾಳೂ ಅದನ್ನೇ ನಂಬಿದಳು. ಅಥವಾ ನಂಬಿ ಬದುಕಿಕೊಂಡಳು.

ಯಾರು ಯಾವಾಗ ಒತ್ತಿದರು ಎಂಬುದೆಲ್ಲ ಇನ್ನೊಂದು ಕಡತದಲ್ಲಿ ತಾನಾಗಿಯೇ ದಾಖಲಾಗುತ್ತಿತ್ತು. ಅದನ್ನು ಯಾರೂ ತೆರೆಯುವುದಿಲ್ಲ. ಈಗ ತೆರೆದಳು. ಬಚ್ಚ, ನಾಲ್ಕು ನಲವತ್ತೇಳು. ಅದರ ಕೆಳಗೇ ಕುಷ್ಟ, ನಾಲ್ಕು ನಲವತ್ತೇಳು.

ಬಚ್ಚ ಮತ್ತು ಅವನ ತಮ್ಮ ಕುಷ್ಟ, ಇಬ್ಬರದೂ ಬೇರೆ ಬೇರೆ ಸಣ್ಣ ದೋಣಿ. ಆದರೆ ಒಬ್ಬನನ್ನು ದಂಡೆಯಲ್ಲಿ ಬಿಟ್ಟು ಇನ್ನೊಬ್ಬ ನೀರಿಗಿಳಿಯಬಾರದೆಂದು ಸಾಯುವಾಗ ಅವರ ಹೆತ್ತ ಅಬ್ಬಿ ಆಣೆ ಹಾಕಿಸಿಕೊಂಡಿದ್ದಳು. ಅಂದಿನಿಂದ ಇಬ್ಬರೂ ದೋಣಿಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಉಸಿರಿಗೆ ನೂಕುತ್ತಿದ್ದರು. ಫೋನು ಬಂದ ಮೇಲೂ ಅಷ್ಟೇ: ಅಣ್ಣ ಒತ್ತುವುದು, ಹಿಂದೆಯೇ ತಮ್ಮ ಒತ್ತುವುದು. ತಮ್ಮ ಒತ್ತಿದೊಡನೆ ಅಣ್ಣ ಅಳಿಸಿಹೋಗುತ್ತಿದ್ದ. ಒಂದು ದಿನವಲ್ಲ, ಎಂಟು ತಿಂಗಳು, ದಿನಾ! ದಿನಾ ಇಬ್ಬರೂ ತಿರುಗಿ ಬರುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆ ದಿನ ಕುಷ್ಟ ಮಧ್ಯಾಹ್ನವೇ ಬಂದು, ಒತ್ತಿ, ಹೆಂಡತಿಯನ್ನು ಕರೆದುಕೊಂಡು ಹಟ್ಟಿಯಂಗಡಿಗೆ ಹರಕೆ ಸಲ್ಲಿಸಲು ಹೋದ. ಸಂಜೆಗೆ ಉಳಿದವರೂ ಬಂದು ಪಟ್ಟಿ ಖಾಲಿಯಾಯಿತು.

ಹಗ್ಗದಲ್ಲಾದರೆ ಎರಡು ಬೆಂಡು ಪಕ್ಕಪಕ್ಕದಲ್ಲೇ ತೂಗುತ್ತಿದ್ದವು. ಅಪ್ಪಯ್ಯನ ಪೊರೆಗಣ್ಣಿಗೂ ಕಾಣುತ್ತಿತ್ತು. ವಿನಯಾ ಮೇಜಿಗೆ ಹಣೆ ಹಚ್ಚಿ ಕೂತಳು.

ಬಚ್ಚ ಬಾರದ ಆ ಸಂಜೆ ಐದೂವರೆಗೆ ಅವನ ಹೆಂಡತಿ ಜಲಜ ಅಂಗಳದಲ್ಲಿ ನಿಂತು ಕೇಳಿದ್ದಳು. "ಹ್ವಾಯ್ ವಿನಯಾ, ಅವ್ರ್ ಬಂದಿದ್ರಾ ಒಂಚೂರ್ ಕಾಣ್. ಫೋನ್ ಹತ್ತುದಿಲ್ಲ." ವಿನಯಾ ಫೋನು ನೋಡಿ, ನಗುತ್ತಲೇ, "ಬಾಕಿ ಯಾರೂ ಇಲ್ಲ ಜಲಜಕ್ಕ, ಎಲ್ಲಾರೂ ಬಂದಿದ್ರ್," ಎಂದಿದ್ದಳು. "ಹಂಗಾರೆ ಗಂಗೊಳ್ಳಿ ಬದಿಗ್ ಇಳ್ದ್ ಅಕ್ಕನ ಮನಿಗ್ ಹೋಯಿರ್ಕ್," ಎಂದು ಜಲಜ ನಿರಾಳವಾಗಿ ಹೋಗಿದ್ದಳು. ಹುಡುಕಲು ದೋಣಿಗಳು ಹೊರಟದ್ದು ಮರುದಿನ ಬೆಳಗಾದ ಮೇಲೆ.

ಊರಿಗೆ ಮರಳುವ ಬಸ್ಸಿನಲ್ಲಿ ಮರವಂತೆ ದಾಟುವಾಗ ವಿನಯಾ ಕಡಲ ಬದಿಯ ಸೀಟು ಬಿಟ್ಟು ಆಚೆ ಹೋಗಿ ಕೂತಳು.

ಬಚ್ಚ ಸತ್ತ ಮೇಲೆ ಊರಿನವರು ಹಗ್ಗವನ್ನೇ ಮತ್ತೆ ಕಟ್ಟಿದ್ದರು. ಸೂರ ಚಪ್ಪರದಲ್ಲಿ ಚಾಪೆ ಹಾಸಿ ಕೂತಿದ್ದ. ಮಗಳು ಹೇಳಿದ್ದನ್ನೆಲ್ಲ ಕೇಳಿದ.

"ಹೇಳುಕ್ ಹೋಬೇಡ ಮಗಾ," ಎಂದ ಕೊನೆಗೆ. "ಹೇಳ್ರೆ ಸತ್ತವ ಎದ್ದ್ ಬತ್ನಾ? ಊರ್ ನಿನ್ನ ಸುಮ್ನೆ ಬಿಡುದಿಲ್ಲ."

"ಬಚ್ಚಣ್ಣ ಮರ್ತದ್ದಲ್ಲ ಅಪ್ಪಯ್ಯ. ಎಲ್ಲಾ ಅವ್ರಿಗೇ ಬೈತಿದ್ರ್."

"ಸತ್ತವ್ರಿಗೆ ಬೈಗ್ಳ ತಾಗುದಿಲ್ಲ. ನಿಂಗೆ ತಾಗತ್ತ್."

"ಜಲಜಕ್ಕಂಗೆ ತಾಗುದಿಲ್ಯಾ?"

ಸೂರ ಮುಖ ಆಚೆ ತಿರುಗಿಸಿದ.

ಜಲಜ ಹಿತ್ತಿಲ ಮೆಟ್ಟಿಲಲ್ಲಿ ಕೂತು ಗಂಡನ ಬಲೆಯಿಂದ ಕೆಂಪು ಬೆಂಡುಗಳನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಬಲೆಯನ್ನು ಕುಷ್ಟ ಕೇಳಿದ್ದನಂತೆ. ವಿನಯಾಳನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದಳು.

"ಕೂಕೋ ಹೆಣೆ. ಕಾಣ್, ಬೈಬಾರ್ದ್ ಅಂದ್ರೂ ಬಾಯಿಗ್ ಬತ್ತ್. ಸಾವ್ರ ಸಲ ಹೇಳಿದ್ದೆ, ಒತ್ತಿ ಹೋಯ್ನಿ ಅಂದೇಳಿ. ಒಂದ್ ಬೆರಳಿನ ಕೆಲ್ಸ! ನಿನ್ನೆ ಫೋಟೋದ ಎದ್ರ್ ನಿಂತ್ಕಂಡ್ ಬಾಯಿಗ್ ಬಂದಂಗ್ ಬೈದೆ. ಬೈದ್ರೂ ಸಿಟ್ಟ್ ಇಳಿತಿಲ್ಲ."

"ಬಚ್ಚಣ್ಣ ಒತ್ತಿದ್ರ್ ಜಲಜಕ್ಕ."

ಕತ್ತಿ ನಿಂತಿತು.

ವಿನಯಾ ಹೇಳಿದಳು. ಕೀ, ಪಟ್ಟಿ ಯಾವುದನ್ನೂ ಹೇಳಲಿಲ್ಲ. "ಇಬ್ರೂ ಒಂದೇ ನಿಮಿಷಕ್ಕೆ ಒತ್ತಿದ್ರ್. ನಾನ್ ಮಾಡದ್ರಗೆ ಒಂದ್ ನಿಮಿಷಕ್ಕೆ ಒಬ್ರಿಗೇ ಜಾಗ ಇದ್ದದ್ದ್. ಕುಷ್ಟಣ್ಣ ಒತ್ತಿದ್ ಕೂಡ್ಲೆ ಬಚ್ಚಣ್ಣನ ಹೆಸ್ರ್ ಅಳ್ಸಿ ಹೋಯ್ತ್. ತಪ್ಪ್ ಅವ್ರದ್ದಲ್ಲ, ನಂದ್. ಬಂದಿದ್ರ್ ಅಂದೇಳಿ ನಿಮ್ಗೆ ಹೇಳಿದ್ದೂ ನಾನೇ." ಆಮೇಲೆ ಅವಳು ಕಾದಳು. ಕೂದಲು ಹಿಡಿದು ಎಳೆಯಲಿ, ಆ ಕತ್ತಿಯನ್ನೇ ಎತ್ತಲಿ, ಏನಾದರೂ ಆಗಲಿ ಎಂದು ಕಾದಳು.

ಜಲಜಳ ಮುಖ ಮೊದಲು ಅರಳಿತು. ನಿಜವಾಗಿ ಅರಳಿತು. "ಒತ್ತಿದ್ರಾ?" ಎಂದಳು. "ಹೌದಾ? ನನ್ನ ಮಾತ್ ಕೇಣಿದ್ರಾ ಹಂಗಾರೆ?"

"ಹೌದ್."

ಅರಳಿದ್ದು ಅಲ್ಲೇ ನಿಂತು, ಮೆಲ್ಲಮೆಲ್ಲನೆ ಬೇರೆಯೇ ಆಯಿತು. ಮಗುಚಿದ ದೋಣಿಯನ್ನು ಮರುದಿನ ಮಧ್ಯಾಹ್ನ ನೋಡಿದವರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು: ಬಚ್ಚ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ದೋಣಿಗೆ ಕಟ್ಟಿಕೊಂಡಿದ್ದ. ಎತ್ತುವಾಗ ಮೈ ಇನ್ನೂ ಬೆಚ್ಚಗಿತ್ತು. ಈಜು ಬರುವವನು ದಂಡೆಯ ಕಡೆಗೆ ಯಾಕೆ ಈಜಲಿಲ್ಲ ಎಂದು ಊರು ಹದಿನೆಂಟು ದಿನ ತಲೆ ಕೆಡಿಸಿಕೊಂಡಿತ್ತು.

"ಹಂಗಾರೆ ಅವ್ರ್," ಎಂದಳು ಜಲಜ, ತೀರ ಸಣ್ಣ ದನಿಯಲ್ಲಿ, "ಒತ್ತಿದ್ದೆ, ಹುಡ್ಕಂಡ್ ಬತ್ರ್, ಅಂದೇಳಿ ಕಾದ್ಕಂಡ್ ಇದ್ರ್."

ವಿನಯಾ ಬುಟ್ಟಿಯಿಂದ ಉರುಳಿದ ಬೆಂಡೊಂದನ್ನು ಎತ್ತಿ ಒಳಗೆ ಹಾಕಿದಳು.

"ಮರ್ತ್ ಹೋಯಿದ್ರ್ ಅಂದೇಳಿ ಇದ್ದಾಗ್ಳಿಕೆ, ಆಸೆ ಇಲ್ದೇ ಹೋಯ್ರ್ ಅಂದೇಳಿ ಸಮಾಧಾನ ಆದ್ರೂ ಇತ್ತ್," ಎಂದಳು ಜಲಜ. "ರಾತ್ರಿ ಇಡೀ ಕಾದ್ರಲ್ಲೆ. ನಾನ್ ಉಂಡ್ ಮನಿಕಂಡಿದ್ದೆ." ಬೈಯಲಿಲ್ಲ. ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಂಡು, "ನೀ ಮನಿಗ್ ಹೋಗ್ ಹೆಣೆ," ಎಂದು ಒಳಗೆ ಹೋದಳು. ಬೈದಿದ್ದರೆ ವಿನಯಾ ಹೇಗೋ ತಡೆದುಕೊಳ್ಳುತ್ತಿದ್ದಳು.

ಅವಳು ಮನೆಗೆ ಹೋಗಲಿಲ್ಲ. ಚಪ್ಪರಕ್ಕೆ ಬಂದು ಅಪ್ಪಯ್ಯನ ಹಿಂದೆ ಕಂಬಕ್ಕೊರಗಿ ಕೂತಳು. ಅಳಿವೆಯಿಂದ ಒಂದೊಂದೇ ದೋಣಿ ಒಳಗೆ ಬರುತ್ತಿತ್ತು. ಹಳದಿಯವನು ಬಂದು ಬಿಚ್ಚಿಕೊಂಡ. ನೀಲಿಯವನು ಬಂದ. ಹೊತ್ತು ಮುಳುಗುವ ಹೊತ್ತಿಗೆ ಕುಷ್ಟ ಬಂದು, ತಲೆ ಎತ್ತದೆ, ತನ್ನ ಹಸಿರು ಬೆಂಡು ತೆಗೆದುಕೊಂಡು ಹೋದ. ಹಗ್ಗ ಖಾಲಿಯಾಯಿತು. ಸೂರ ಕೈಯಿಂದ ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿ ನೋಡಿ, ಚಾಪೆ ಸುತ್ತತೊಡಗಿದ.

ಜಲಜ ಮರಳಿನ ಮೇಲೆ ಬರಿಗಾಲಲ್ಲಿ ಬಂದಳು. ಮುಷ್ಟಿಯಲ್ಲಿದ್ದ ಕೆಂಪು ಬೆಂಡನ್ನು ಹಗ್ಗದ ಮೊದಲ ಜಾಗಕ್ಕೆ ಸಿಕ್ಕಿಸಿ, ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿ, ಬಂದ ದಾರಿಯಲ್ಲೇ ಹೋದಳು.

ಸೂರ ಬೆಂಡನ್ನು ಮುಟ್ಟಿ ನೋಡಿದ. ಸುತ್ತಿದ ಚಾಪೆಯನ್ನು ಮತ್ತೆ ಬಿಡಿಸಿ ಹಾಸಿ, ಕಡಲಿಗೆ ಮುಖ ಮಾಡಿ ಕೂತ.