ಬೀಗರೂಟದಲ್ಲಿ ಅರ್ಧ ಮುದ್ದೆ

ಮಲ್ಲಿಪಟ್ಟಣದ ಪುಟ್ಟರಾಜು ಊಟದಿಂದಲೇ ಹೆಸರಾದವನು. ಹರೆಯದಲ್ಲಿ ಅರಕಲಗೂಡಿನಲ್ಲಿ ನಡೆದ ಮುದ್ದೆ ನುಂಗುವ ಪಂದ್ಯ ಗೆದ್ದಿದ್ದ. ಎಷ್ಟು ಮುದ್ದೆ ಅನ್ನುವುದನ್ನು ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವರ್ಷ ಕಳೆದಂತೆಲ್ಲ ಮುದ್ದೆ ಹೆಚ್ಚುತ್ತಲೇ ಬಂದಿವೆ. ಆವತ್ತು ಅಕ್ಕ ಗುರುಸಿದ್ದಮ್ಮ ಪಕ್ಕದಲ್ಲೇ ನಿಂತು ಸೆರಗಿನಿಂದ ಅವನ ಬೆವರು ಒರೆಸುತ್ತಿದ್ದಳು.

ಅವ್ವ ಬೇಗ ತೀರಿಕೊಂಡ ಮೇಲೆ ಅವನನ್ನು ಉಣ್ಣಿಸಿ ಬೆಳೆಸಿದವಳು ಅವಳೇ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಮಂಕರಿಯಲ್ಲಿ ಮುದ್ದೆ, ಹುರುಳಿ ಸಾರು ಹೊತ್ತು ಹೊಲಕ್ಕೆ ಬರುತ್ತಿದ್ದಳು. ಬದುವಿನ ಮೇಲೆ ಕೂತು ತಮ್ಮ ಉಣ್ಣುವುದನ್ನು ನೋಡುತ್ತಾ ತನ್ನ ಹೊಟ್ಟೆಯನ್ನೇ ಮರೆಯುತ್ತಿದ್ದಳು. ಮದುವೆಯಾಗಿ ಹಿರೀಸಾವೆಗೆ ಹೋದ ಮೇಲೂ ಅಷ್ಟೇ. ತಮ್ಮ ಬರುತ್ತಾನೆ ಅಂತ ಗೊತ್ತಾದರೆ ಸಾಕು, ಬೆಳಿಗ್ಗೆಯೇ ಹಿತ್ತಲಲ್ಲಿ ಕೋಳಿ ಹಿಡಿಯುವ ಗದ್ದಲ ಶುರುವಾಗುತ್ತಿತ್ತು.

ಹೋದ ವರ್ಷದ ಹಿಂದಿನ ವರ್ಷ, ಶುಂಠಿ ಕೀಳಿಸುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಉಂಡು ಎದ್ದವನಿಗೆ ಎದೆಯೊಳಗೆ ಕೆಂಡ ಇಟ್ಟಂತಾಯಿತು. ಬೆವರು ಕಿತ್ತುಕೊಂಡು ಬಂತು. ಹೆಂಡತಿ ಹೆದರಿ ಕಾರು ಮಾಡಿಸಿ ಹಾಸನಕ್ಕೆ ಕರೆದುಕೊಂಡು ಹೋದಳು. ಎದೆಗೆ ವೈರು ಅಂಟಿಸಿ ನೋಡಿದರು, ಮಾರನೇ ದಿನ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಹೃದಯಕ್ಕೆ ಏನೂ ಆಗಿಲ್ಲ, ಹುಣ್ಣಿಲ್ಲ, ಗಡ್ಡೆ ಇಲ್ಲ, ಇದು ಅಜೀರ್ಣ ಅಂದರು ಡಾಕ್ಟರು. ತಮ್ಮ ಹತ್ತಿರ ಬರುವವರಲ್ಲಿ ಎಷ್ಟೋ ಜನಕ್ಕೆ ಇದೇ ತೊಂದರೆ, ಕೆಲವರಿಗೆ ಹಬ್ಬದೂಟದ ಮಾರನೇ ದಿನ ಬಂದು ಹೋಗುತ್ತೆ, ಕೆಲವರಿಗೆ ನಿದ್ದೆ, ಕೆಲಸ ಎರಡನ್ನೂ ಕೆಡಿಸುತ್ತೆ, ನಿಮ್ಮದು ಎರಡನೇ ಥರದ್ದು ಅಂತಲೂ ಹೇಳಿದರು.

ಪುಟ್ಟರಾಜುವಿಗೆ ನೆಮ್ಮದಿಗಿಂತ ಅವಮಾನವೇ ಹೆಚ್ಚಾಯಿತು. ದೊಡ್ಡ ಕಾಯಿಲೆಯಾಗಿದ್ದರೆ ನಾಲ್ಕು ಜನರಿಗೆ ಹೇಳಿಕೊಳ್ಳಬಹುದಿತ್ತು. ಪಂದ್ಯ ಗೆದ್ದವನು ಅಜೀರ್ಣ ಅಂತ ಹೇಗೆ ಬಾಯಿ ಬಿಡುವುದು? ಯಾರಿಗೂ ಹೇಳಬೇಡ ಅಂತ ಹೆಂಡತಿಯಿಂದ ಮಾತು ತೆಗೆದುಕೊಂಡ. ಒಂದು ಮುದ್ದೆ ಉಣ್ಣುವಷ್ಟರಲ್ಲಿ ಹೊಟ್ಟೆ ಕಲ್ಲಿನಂತಾಗುತ್ತಿತ್ತು, ಮಲಗಿದರೆ ಹುಳಿ ಗಂಟಲಿಗೆ ಬರುತ್ತಿತ್ತು. ಮದುವೆ, ತಿಥಿ, ಗೃಹಪ್ರವೇಶ ಎಲ್ಲವನ್ನೂ ಒಂದೊಂದಾಗಿ ಬಿಟ್ಟ.

ಅಕ್ಕನ ಮನೆಗೆ ಹೋದಾಗ ಮಾತ್ರ ಕಷ್ಟವಾಗುತ್ತಿತ್ತು. ಚನ್ನರಾಯಪಟ್ಟಣದಲ್ಲೇ ಉಂಡುಕೊಂಡು ಬಂದೆ ಅನ್ನುತ್ತಿದ್ದ, ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದ. ಮೊದಲ ಸಲ ಅವಳು ನಂಬಿದಳು. ಆಮೇಲಾಮೇಲೆ ಏನೂ ಕೇಳದೆ ಲೋಟ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಅದೇ ವರ್ಷ ಅಪ್ಪನ ಹೊಲ ಭಾಗವಾಗಿ, ಮಕ್ಕಳ ಒತ್ತಾಯಕ್ಕೆ ಅವಳೂ ಒಂದು ತುಂಡು ಪಾಲು ತೆಗೆದುಕೊಂಡಿದ್ದಳು. ಅವಳ ಮನಸ್ಸಿನಲ್ಲಿ ಆ ಪಾಲೂ ತಾನು ಉಣ್ಣದೆ ಏಳುವುದೂ ಗಂಟು ಬಿದ್ದಿದ್ದು ಪುಟ್ಟರಾಜುವಿಗೆ ತಿಳಿಯಲಿಲ್ಲ.

ಈ ವರ್ಷ ಅಕ್ಕನ ಮೊಮ್ಮಗಳು ಸ್ಪಂದನಾಳ ಮದುವೆಯಾಯಿತು. ಹಿರೀಸಾವೆಯ ಮನೆ ಮುಂದೆಯೇ ಶಾಮಿಯಾನ ಹಾಕಿಸಿ ಬೀಗರೂಟ ಇಟ್ಟರು. ಹೋಗದೆ ಇರುವ ಹಾಗಿರಲಿಲ್ಲ. ಹೆಂಡತಿಗೆ ಜ್ವರ ಬಂದಿದ್ದರಿಂದ ಗಂಗಯ್ಯನನ್ನು ಜೊತೆಗೆ ಕರೆದುಕೊಂಡು ಹೋದ. ಗಂಗಯ್ಯ ಹಳೇ ಸ್ನೇಹಿತ, ಆ ಪಂದ್ಯದಲ್ಲಿ ಇವನೆದುರು ಸೋತವನು.

ಪಂಕ್ತಿಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಬಡಿಸುವವರಿಗೆ ಯಾರೋ ಹಳೇ ಕಥೆ ಹೇಳಿದ್ದರು. ಎಲೆಗೆ ಮುದ್ದೆಯ ಮೇಲೆ ಮುದ್ದೆ ಬಿತ್ತು, ಮಟನ್ ಸಾರು ಎಲೆ ದಾಟಿ ಹರಿಯಿತು. ಘಮ ಮೂಗಿಗೆ ಬಡಿದಾಗ ಅವನಿಗೆ ಹೊಲದ ಬದು, ಬಿಸಿಲು, ಮಂಕರಿಯ ಮೇಲಿನ ಒದ್ದೆ ಬಟ್ಟೆ ಎಲ್ಲ ಒಟ್ಟಿಗೇ ನೆನಪಾದವು. ಒಂದು ತುತ್ತು ಮುರಿದ. ಎತ್ತಲಾರದೆ ಎಲೆಯಲ್ಲೇ ಹೊರಳಿಸುತ್ತಾ ಕೂತ.

ದೂರದಿಂದ ನೋಡುತ್ತಿದ್ದ ಅಕ್ಕ ಬಂದು ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆ ಪಾಲು ಬೇಕಾರೆ ನಿನ್ನೆಸ್ರಿಗೇ ಬರ್ಕೊಡ್ತೀನಿ ಕಣ ಪುಟ್ಟ," ಅಂದಳು ಮೆಲ್ಲಗೆ. "ನನ್ನ ಮನೆ ಅನ್ನ ಮಾತ್ರ ಬ್ಯಾಡ ಅನ್ಬ್ಯಾಡ."

ಪುಟ್ಟರಾಜುವಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಹೊರಳಿಸುತ್ತಿದ್ದ ತುತ್ತು ಬಿಟ್ಟು ಅವಳತ್ತ ಬಾಗಿದ.

"ಸಿಟ್ಟಲ್ಲ ಕಣಕ್ಕ. ಹೊಟ್ಟೆ ತಡೀತಿಲ್ಲ. ಉಂಡ್ರೆ ಎದೆ ಉರೀತದೆ. ನಿನ್ನ ಮುಂದೆ ಹೇಳಾಕೆ ನಾಚ್ಕೆ ಆಯ್ತು."

ಗಂಗಯ್ಯ ಕೈ ತೊಳೆಯದೆಯೇ ಎಡಗೈಯಿಂದ ಜೇಬು ತಡಕಿ ಒಂದು ಮಾತ್ರೆ ಶೀಟು ತೆಗೆದು ಎಲೆಯ ಪಕ್ಕ ಇಟ್ಟ. ಬರುವ ಮುಂಚೆಯೇ ಒಂದು ನುಂಗಿ ಬಂದಿದ್ದನಂತೆ, ಇದಿಲ್ಲದೆ ಮನೆ ಬಿಟ್ಟು ಹೊರಡುವುದೇ ಇಲ್ಲವಂತೆ. ಎದುರು ಸಾಲಿನಲ್ಲಿದ್ದ ಬೀಗರ ಕಡೆಯವರೊಬ್ಬರು ನಂಗೂ ಒಂದು ಕೊಡಿ ಅಂದರು. ಅವರ ಪಕ್ಕದವರು ತಮ್ಮದು ಬೇರೆ ಕಂಪನಿಯದು, ಅದೇ ವಾಸಿ ಅಂದರು. ಮಾತು ಪಂಕ್ತಿಯುದ್ದಕ್ಕೂ ಹರಿಯಿತು. ಒಬ್ಬರಿಗೆ ಉಬ್ಬರ, ಒಬ್ಬರಿಗೆ ತೇಗು, ಇನ್ನೊಬ್ಬರು ಹೃದಯದ ಕಾಯಿಲೆಯೆಂದು ಹೆದರಿ ಪುಟ್ಟರಾಜುವಿನಂತೆಯೇ ಹಾಸನಕ್ಕೆ ಓಡಿದ್ದರು. ನಗುವೆದ್ದಿತು.

ಅಕ್ಕ ನಗಲಿಲ್ಲ. ತಮ್ಮನ ಮುಖವನ್ನೇ ನೋಡುತ್ತಿದ್ದಳು. "ನಂಗೂ ಅಂಗೇ ಕಣ," ಅಂದಳು. "ಮನ್ಗಾಕಾಗಲ್ಲ. ಗೋಡೆಗೆ ಒರಗಿ ಕೂತಿರ್ತೀನಿ. ಮಕ್ಳು ಗಾಬ್ರಿ ಬೀಳ್ತವೆ ಅಂತ ಸುಮ್ನಿದ್ದೆ."

ಪಂಕ್ತಿ ಎದ್ದ ಮೇಲೆ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಒಂದು ಮುದ್ದೆಯನ್ನು ಎರಡು ಮಾಡಿ, ಖಾರವಿಲ್ಲದ ಸೊಪ್ಪಿನ ಸಾರು ಬಿಟ್ಟು, ಅರ್ಧ ಅವನಿಗೆ ಕೊಟ್ಟು ಅರ್ಧ ತಾನು ಇಟ್ಟುಕೊಂಡಳು. ಸೊಪ್ಪಿನ ಸಾರು ಬೀಗರಿಗಲ್ಲ, ತನಗೆಂದೇ ಮಾಡಿಕೊಂಡಿದ್ದಳು. ಇಷ್ಟು ವರ್ಷಗಳಲ್ಲಿ ಅಕ್ಕ ತನ್ನೆದುರು ಕೂತು ಉಂಡಿದ್ದನ್ನು ನೋಡಿದ್ದೇ ಇಲ್ಲ ಅನ್ನುವುದು ಪುಟ್ಟರಾಜುವಿಗೆ ಆಗ ಹೊಳೆಯಿತು. ಅವಳು ತುತ್ತನ್ನು ಚಿಕ್ಕ ಚಿಕ್ಕದು ಮಾಡಿಕೊಳ್ಳುತ್ತಿದ್ದಳು, ಮಗುವಿಗೆ ತಿನ್ನಿಸುವ ಹಾಗೆ. ಇಬ್ಬರೂ ಬಹಳ ಹೊತ್ತು ಉಂಡರು.

ಸಂಜೆಯ ಬಸ್ಸು ಹೊಳೆನರಸೀಪುರ ಮುಟ್ಟುವಷ್ಟರಲ್ಲಿ ಎದೆಯಲ್ಲಿ ಉರಿ ಶುರುವಾಯಿತು. ಗಂಗಯ್ಯ ನಿದ್ದೆ ಹೋಗಿದ್ದ. ಬಸ್ಸು ನಿಂತಿದ್ದಾಗ ಪುಟ್ಟರಾಜು ಅಕ್ಕನಿಗೆ ಫೋನ್ ಮಾಡಿದ. ಅವಳು ಮೊದಲು ಕೇಳಿದ್ದೇ ಉರಿಯುತ್ತಾ ಅಂತ. ಸ್ವಲ್ಪ ಅಂದ. ತನಗೂ ಸ್ವಲ್ಪ ಅಂದಳು. ಆಮೇಲೆ ಅವ್ವನ ಮಾತು ಬಂತು. ಅವ್ವನಿಗೂ ಹೀಗೇ ಇತ್ತು, ಉಂಡ ಮೇಲೆ ಎದೆ ನೀವಿಕೊಳ್ಳುತ್ತಾ ಜೀರಿಗೆ ಅಗಿಯುತ್ತಿದ್ದಳು, ನೀನಾಗ ಬಲು ಚಿಕ್ಕವನು ಅಂದಳು. ಅವ್ವನ ಮುಖ ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಇನ್ನೂ ಹೇಳು ಅಂದ. ಬಸ್ಸು ಹೊರಟು ಊರು ದಾಟಿದರೂ ಅವಳು ಹೇಳುತ್ತಲೇ ಇದ್ದಳು.