ಕುಸುಮಾಳ ತವರಿನವರು

"ಚಟ್ಟ ಕಟ್ಟೋದು ನಿಲ್ಸಲೇ ವೀರೇಶ್," ಎಂದು ಸುಂಕಪ್ಪ ಕೈಯೆತ್ತಿದ. "ತವರುಮನಿ ಸೀರಿ ಬಂದೈತೇನು, ಮೊದ್ಲು ನೋಡ್ರಿ."

ಬಾದನಹಟ್ಟಿಯಲ್ಲಿ ಸಾವಿನ ಕೆಲಸಗಳಿಗೆಲ್ಲ ಸುಂಕಪ್ಪನೇ ಹಿರಿಯ. ಮುತ್ತೈದೆ ಸತ್ತರೆ ತವರಿನವರು ಬಂದು ಸೀರೆ ಹೊದಿಸಬೇಕು, ಆಮೇಲೇ ಹೆಣ ಎತ್ತಬೇಕು. ಅದು ಅವನು ಮಾಡಿದ ಕಾನೂನಲ್ಲ, ಆದರೆ ಅವನು ಬಿಟ್ಟುಕೊಡುವ ಕಾನೂನೂ ಅಲ್ಲ. ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ಗೋಡೆಗೆ ಒರಗಿಸಿ ಕೂರಿಸಿದ್ದ ಕುಸುಮಾಳ ತವರು ಶ್ರೀಲಂಕಾ. ನಿನ್ನೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಎದೆನೋವಿನಿಂದ ತೀರಿಕೊಂಡಾಗ ಅವಳಿಗೆ ಐವತ್ತೊಂದು ವರ್ಷ.

ಮಗಳು ಜ್ಯೋತಿಲಕ್ಷ್ಮಿ ಫೋನು ಹಿಡಿದುಕೊಂಡೇ ಹೊರಗೆ ಬಂದಳು. "ಲಂಕಾದಾಗಿನ ದೊಡ್ಡವ್ವ ಅಳಾಕತ್ತಾಳ. ವೀಸಾ ಸಿಗಾಕ ವಾರ ಬೇಕಂತ."

"ವಾರಗಟ್ಲೆ ಇಡಾಕ ಇದೇನು ಉಪ್ಪಿನಕಾಯೇನವಾ?" ಎಂದ ಸುಂಕಪ್ಪ, ಅಂದ ಮೇಲೆ ನಾಲಗೆ ಕಚ್ಚಿಕೊಂಡ.

"ನಾನೇ ಒಂದು ಸೀರಿ ತರ್ತೀನಿ ಬಿಡು," ಎಂದ ಕುಸುಮಾಳ ಗಂಡ ಎರ್ರಣ್ಣ.

"ಗಂಡನ ಮನಿ ಸೀರಿ ನಡಿಯಂಗಿಲ್ಲಪ್ಪ. ಹಂಗ ಕಳಿಸಿದ್ರ ತವರಿಲ್ಲದಾಕಿ ಅನ್ನಿಸ್ಕೊಂಡು ಹೋಗ್ತಾಳ."

ಮೂಲೆಯಲ್ಲಿದ್ದ ಎರ್ರಣ್ಣನ ತಾಯಿ ಹುಲುಗಮ್ಮ ಆ ಮಾತಿಗೆ ತಲೆ ತಗ್ಗಿಸಿದಳು. ಸೊಸೆಯನ್ನು ತವರಿಲ್ಲದಾಕಿ ಎಂದು ಮೊದಲು ಕರೆದವಳು ಅವಳೇ.

* * *

ಕುವೈತಿನಲ್ಲಿ ಎರ್ರಣ್ಣ ಕಾರು ಓಡಿಸುತ್ತಿದ್ದ, ಪಕ್ಕದ ಮನೆಯಲ್ಲಿ ಕುಸುಮಾ ಅಡುಗೆಗಿದ್ದಳು. ಇಬ್ಬರಿಗೂ ಬರುತ್ತಿದ್ದ ಭಾಷೆ ಒಂದೇ, ಮಾಲೀಕರಿಂದ ಕಲಿತ ಅರಬ್ಬಿ. ಮದುವೆಯಾಗಿ ಬಾದನಹಟ್ಟಿಗೆ ಬಂದಿಳಿದ ಮೇಲೂ ಗಂಡ ಹೆಂಡತಿ ಉಪ್ಪು ಖಾರಕ್ಕೆಲ್ಲ ಅರಬ್ಬಿಯನ್ನೇ ಆಡುವುದನ್ನು ಕೇಳಿ ಹುಲುಗಮ್ಮ, "ನನ್ನ ಮಗಗ ಏನ್ ಮಂತ್ರ ಹಾಕಾಕತ್ತಾಳೋ ಏನೋ" ಎಂದು ಬೀದಿಗೆಲ್ಲ ಹೇಳಿದಳು. ಬೀದಿಗಾದರೂ ಬೇರೇನು ಕೆಲಸ, ಸಾಲುಗಟ್ಟಿ ನೋಡಲು ಬಂತು.

ರೊಟ್ಟಿ ಬಡಿಯುವುದು ಕೈಗೆ ಹತ್ತಲು ಕುಸುಮಾಳಿಗೆ ಎರಡು ವರ್ಷ ಬೇಕಾಯಿತು. ಆದರೆ ಸಿರುಗುಪ್ಪ ಕಡೆ ನಾಟಿ ಕೂಲಿಗೆ ಹೋದ ಮೊದಲ ದಿನವೇ ಎಲ್ಲರಿಗಿಂತ ಮುಂಚೆ ಸಾಲು ಮುಗಿಸಿ ಬದುವಿನ ಮೇಲೆ ಕೂತಿದ್ದಳು. ಅವಳ ಊರಿನಲ್ಲೂ ಭತ್ತವೇ. ಕೂಲಿ ಹೆಂಗಸರಿಂದ ಕನ್ನಡ, ತೆಲುಗು ಎರಡನ್ನೂ ಒಟ್ಟಿಗೆ ಕಲಿತಳು. ಯಾವುದು ಯಾವುದೆಂದು ಕೊನೆಯವರೆಗೂ ಬೇರೆ ಮಾಡುವ ಗೋಜಿಗೆ ಹೋಗಲಿಲ್ಲ. ಪರದೇಶದವಳಾದ್ದರಿಂದ ವರ್ಷಕ್ಕೊಮ್ಮೆ ಬಳ್ಳಾರಿಯ ಪೊಲೀಸ್ ಕಚೇರಿಗೆ ಹೋಗಿ, ಇನ್ನೂ ಇಲ್ಲೇ ಇದ್ದೇನೆ ಎಂದು ರುಜು ಹಾಕಿ ಬರಬೇಕಿತ್ತು. ಬರುವಾಗ ಬ್ರೂಸ್‌ಪೇಟೆಯಿಂದ ಒಣಮೀನು ತರುತ್ತಿದ್ದಳು. ಹುಲುಗಮ್ಮ ಮೂಗು ಮುಚ್ಚಿಕೊಂಡು ಬೈದು, ಆಮೇಲೆ ಎರಡು ಸಲ ಸಾರು ಹಾಕಿಸಿಕೊಂಡು ಉಣ್ಣುತ್ತಿದ್ದಳು.

ಇದೆಲ್ಲ ಆಮೇಲಿನ ಮಾತು. ಬಂದ ವರ್ಷವೇ ಕುಸುಮಾ ಬಸುರಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. "ನಮ್ಮನ್ಯಾಗ ಬ್ಯಾಡ, ಮನಿತನಕ್ಕ ಒಳ್ಳೇದಲ್ಲ," ಎಂದು ಹುಲುಗಮ್ಮ ಹಟ ಹಿಡಿದಳು. ನೋವು ಶುರುವಾದಾಗ ಎರ್ರಣ್ಣ ಕುವೈತಿಗೆ ವಾಪಸು ಹೋಗಿಯಾಗಿತ್ತು. ಕುಸುಮಾ ಚಾಪೆ ಸುತ್ತಿಕೊಂಡು ಹೋಗಿ ಎದುರುಮನೆ ಅಂಬಮ್ಮನ ಬಾಗಿಲು ಬಡಿದಳು. ಜ್ಯೋತಿಲಕ್ಷ್ಮಿ ಹುಟ್ಟಿದ್ದು ಅಲ್ಲಿ. ಹನ್ನೊಂದು ದಿನ ಹುಲುಗಮ್ಮ ಬೀದಿ ದಾಟಿ ಮೊಮ್ಮಗಳ ಮುಖ ನೋಡಲಿಲ್ಲ. ಹನ್ನೆರಡನೆಯ ದಿನ ಕುಸುಮಾ ತಾನೇ ಕೂಸನ್ನು ತಂದು ಅತ್ತೆಯ ಮಡಿಲಿಗೆ ಹಾಕಿದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ, ಬೈದಿದ್ದರೆ ಚೆನ್ನಾಗಿತ್ತು ಎಂದು ಹುಲುಗಮ್ಮನಿಗೆ ಎಷ್ಟೋ ಸಲ ಅನ್ನಿಸಿದೆ.

* * *

ಅಂಬಮ್ಮ ಎದ್ದು ಸೆರಗು ಸಿಗಿಸಿದಳು. "ಆಕಿ ಬಾಣಂತನ ಮಾಡಿದಾಕಿ ನಾನು. ನಾನೇ ಆಕಿ ತವರು. ಟ್ರಂಕಿನಾಗ ಹಸಿರು ಸೀರಿ ಐತಿ, ತರ್ತೀನಿ."

"ಆತು, ಹಂಗಾದ್ರ ಜಲ್ದಿ ಮಾಡ್ರಿ," ಎಂದು ಸುಂಕಪ್ಪ ಉಸಿರು ಬಿಟ್ಟ.

"ಕುಂದ್ರ ಅಂಬಮ್ಮ," ಎಂದಳು ಹುಲುಗಮ್ಮ.

"ಯಾಕವ್ವಾ? ಈಗೂ ಬ್ಯಾಡ ಅಂತೀಯೇನು? ಸತ್ತ ಮ್ಯಾಲರ ಆಕೀನ್ನ ಬಿಡು!"

"ಅವತ್ತು ನಾನು ಬಾಗ್ಲ ಹಾಕಿದೆ, ನೀ ತಗದಿ. ಆ ಪುಣ್ಯ ನಿನಗೈತಿ. ನನಗೇನೈತಿ? ಇವತ್ತೊಂದು ನನಗ ಬಿಡವಾ, ಕೈ ಮುಗೀತೀನಿ."

ಎಂಬತ್ತರ ಮುದುಕಿ ನಿಜವಾಗಿಯೂ ಕೈಮುಗಿದಳು. ಅಂಬಮ್ಮ ಸಿಗಿಸಿದ್ದ ಸೆರಗು ಬಿಚ್ಚಿಕೊಂಡು ಕೂತಳು.

"ನೀ ಗಂಡನ ಮನಿಯಾಕಿ. ನೀ ಕೊಟ್ರ ನಡಿಯಂಗಿಲ್ಲ ಯವ್ವಾ," ಎಂದ ಸುಂಕಪ್ಪ.

"ನನಗ ಶಾಸ್ತ್ರ ಹೇಳ್ಬ್ಯಾಡ. ನೀ ಹುಟ್ಟೋಕ್ಕಿಂತ ಮುಂಚಿಂದ ಹೆಣಾ ನೋಡೀನಿ."

ಹುಲುಗಮ್ಮ ಹೊಸ್ತಿಲು ದಾಟಿ ವೀರೇಶನ ಆಟೋ ಹತ್ತಿದಳು. "ಕುರುಗೋಡಿಗೆ ನಡಿ. ಜವಳಿ ಅಂಗಡಿಗೆ."

ಒಂದೂವರೆ ತಾಸು ಕಾದರು. ಭಜನೆಯವರು ಎರಡು ಸಲ ಚಹಾ ಕುಡಿದರು. ಸೊಸೆಯ ಹೆಣ ಬಿಟ್ಟು ಅತ್ತೆ ಜವಳಿ ಅಂಗಡಿಗೆ ಹೋದದ್ದನ್ನು ಊರು ಸುಮ್ಮನೆ ಬಿಡುತ್ತದೆಯೇ? "ಮುದುಕಿಗೆ ತಲಿ ತಿರುಗೈತಿ," ಎಂದರು. ಸುಂಕಪ್ಪ ನಾಲ್ಕು ಸಲ ಹೊತ್ತು ನೋಡಿದ.

ಆಟೋ ಮನೆಯವರೆಗೆ ಬರಲಿಲ್ಲ. ಬೀದಿಯ ತುದಿಯಲ್ಲೇ ನಿಂತಿತು. ಹುಲುಗಮ್ಮ ಇಳಿದು, ಸೀರೆ, ಬಳೆ, ಅರಿಸಿನ ಕುಂಕುಮ ಇಟ್ಟ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಪರವೂರಿನಿಂದ ಬಂದ ಹೆತ್ತವರು ಅಳುವ ಹಾಗೆ ದಾರಿಯುದ್ದಕ್ಕೂ ಅಳುತ್ತ ಬಂದಳು.

"ಸಮುದ್ರ ದಾಟಿಸಿ ಕೊಟ್ಟಿದ್ನಲ್ಲೇ ನನ್ನ ಮಗಳೇ! ಹೆಂಗ ನೋಡ್ಕೊಂಡ್ರೇ ನಿನ್ನ ಈ ಮನಿಯವ್ರು! ದಿನ ತುಂಬಿದಾಕಿಗೆ ನಿನ್ನತ್ತಿ ಬಾಗ್ಲ ಹಾಕಿದ್ಲಂತಲ್ಲೇ ನನ್ನ ಮಗಳೇ! ಆಕಿ ಕೈಯರ ಬಿದ್ದು ಹೋಗಬಾರದಿತ್ತೇನೇ!"

ಭಜನೆ ನಿಂತಿತು. ಅಂಬಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಲುಗಮ್ಮ ತನ್ನ ಮನೆಯ ಬಾಗಿಲಿಗೆ ಬಂದವಳು ಒಳಗೆ ಕಾಲಿಡಲಿಲ್ಲ, ಹೊಸ್ತಿಲ ಹೊರಗೆ ಪರಕೀಯಳಂತೆ ನಿಂತಳು. ಬುಟ್ಟಿಯ ಭಾರಕ್ಕೆ ಅವಳ ಕತ್ತು ನಡುಗುತ್ತಿತ್ತು. ಯಾಕೆ ನಿಂತಿದ್ದಾಳೆಂದು ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ.

ಎರ್ರಣ್ಣ ಎದ್ದ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಬಗ್ಗಿ, ತಾಯಿಯ ಧೂಳು ಹಿಡಿದ ಕಾಲಿಗೆ ಹಾಕಿದ.

"ಬರ್ರಿ ಅತ್ತಿ," ಎಂದ. "ಒಳಗ ಬರ್ರಿ. ನಿಮ್ಮ ಮಗಳು ಕಾಯಾಕತ್ತಾಳ."